ತಾಯಿಹಾಲನ್ನೂ ಕುದಿಸಿ ಎಂದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಈವರೆಗೆ ತೆಗೆದಿರುವ ಜೀವಗಳನ್ನು ಎಣಿಸಿದರೆ ಯಾವ ದಂಡನಾಯಕನೂ ಅವರ ಮುಂದೆ ನಿಲ್ಲಲಾರ! ಗಾಬರಿಯಾಗಬೇಡಿ. ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವ ಮನುಷ್ಯ. ಕೊಂದದ್ದೆಲ್ಲ ಕಣ್ಣಿಗೆ ಕಾಣದ ಕ್ರಿಮಿಗಳನ್ನು. ಮಳವಳ್ಳಿಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದವರು. ರಿಟೈರಾದರೂ ಯುದ್ಧ ನಿಲ್ಲಿಸಲಿಲ್ಲ.

ಜೇಬಿನಲ್ಲಿ ಸದಾ ಸೋಪಿನ ಡಬ್ಬಿ. ಕಾಲಿಗೆ ಬಿದ್ದವರಿಗೆ ಆರಡಿ ದೂರದಿಂದಲೇ ಆಶೀರ್ವಾದ. ನನ್ನ ಮದುವೆಯಲ್ಲಿ ಅವರೆಸೆದ ಅಕ್ಷತೆ ನಮ್ಮನ್ನು ದಾಟಿ ವಾಲಗದವನ ತಲೆ ಮೇಲೆ ಬಿತ್ತು. ಮುಂದಿನ ವರ್ಷ ಅವನಿಗೆ ಅವಳಿ ಮಕ್ಕಳಾದವಂತೆ!

ಒಮ್ಮೆ ಮದ್ದೂರಿನ ಹೋಟೆಲೊಂದರಲ್ಲಿ ವಡೆ ತಂದಿಟ್ಟರು. ದೊಡ್ಡಪ್ಪ ಮುಟ್ಟಲಿಲ್ಲ. "ಇನ್ನೊಂದ್ಸಲ ಎಣ್ಣೆಗೆ ಬುಡಪ್ಪ, ಏನಾರಾ ಇದ್ರೆ ಸಾಯ್ಲಿ" ಅಂದರು. ಭಟ್ಟರು ಒಲೆಯ ಪಕ್ಕದಿಂದಲೇ ಕೂಗಿದರು: "ಯಜಮಾನ್ರೇ, ಇನ್ನೊಂದ್ಸಲ ಬಿಟ್ರೆ ವಡೇನೇ ಸಾಯ್ತದೆ!"

ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋದದ್ದು ನನ್ನ ತಪ್ಪು. ಮರದ ತುಂಬಾ ಮರಿ ಮಾಡಲು ಬಂದ ಹಕ್ಕಿ, ನೆಲದ ತುಂಬಾ ಹಿಕ್ಕೆ. ಸುಡುಬಿಸಿಲಲ್ಲಿ ಕೊಡೆ ಬಿಚ್ಚಿ, ಮೂಗಿಗೆ ಟವಲು ಕಟ್ಟಿ ನಿಂತರು. ಹುಣಸೆಮರದ ಕೆಳಗೆ ಕೂತಿದ್ದ ಅಜ್ಜಿಯೊಬ್ಬಳಿಗೆ ರೇಗಿತು. "ಬಾಣಂತನಕ್ಕೆ ಬಂದಿರೋ ಹೆಣ್ಮಕ್ಳ ಮುಂದೆ ಮೂಗು ಮುಚ್ಕತೀಯಲ್ಲಪ್ಪ, ನಿಮ್ಮವ್ವ ನಿನ್ನ ಸೋಪಿನ ನೀರಲ್ಲಿ ಹೆತ್ತಿದ್ಲಾ?" ದೊಡ್ಡಪ್ಪ ಕೊಡೆ ಮಡಚಲಿಲ್ಲ; ಬಾಯಿ ಮಾತ್ರ ಮಡಚಿದರು.

ಇಂಥವರು ಇರುವಾಗ ನನಗೆ ದಿನ ತುಂಬುವ ಮೊದಲೇ ಸಿಜೇರಿಯನ್ ಆಗಬೇಕೆ? ಮಂಡ್ಯದ ಆಸ್ಪತ್ರೆಯಲ್ಲಿ ಹುಟ್ಟಿದ ಮಗಳು ಅಂಗೈಯಷ್ಟಿದ್ದಳು. ಹುಟ್ಟುತ್ತಲೇ ಶಿಶುಗಳ ವಾರ್ಡಿಗೆ ಒಯ್ದರು. ಮಾರನೆಯ ದಿನವೇ ದೊಡ್ಡಪ್ಪ ಫಿನಾಯಿಲ್ ಡಬ್ಬದೊಂದಿಗೆ ಹಾಜರು! ನನ್ನ ವಾರ್ಡಿನ ಬಾಗಿಲಲ್ಲೇ ಸಿಸ್ಟರ್ ಡಬ್ಬ ಕಿತ್ತುಕೊಂಡರು. ನಾನು ಹಿಂಡಿ ಕೊಟ್ಟ ಹಾಲನ್ನು ಸಿಸ್ಟರ್ ಮಗುವಿಗೆ ಒಯ್ಯುತ್ತಿದ್ದಾಗ ದೊಡ್ಡಪ್ಪ ಅಡ್ಡ ನಿಂತು, "ಅದ್ನ ಒಂದು ಕುದಿ ಕುದ್ಸಿ ಕೊಡಿ" ಅಂದರು.

ನನ್ನನ್ನು ನೋಡಲು ಬಂದಿದ್ದ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ನಕ್ಕರು, ಆದರೆ ಬೈಯಲಿಲ್ಲ.

"ಕೈ ಚೆನ್ನಾಗಿ ತೊಳೀರಿ ಸರ್, ಅದು ಬೇಕೇ ಬೇಕು. ಹಾಲಿನ ತಂಟೆಗೆ ಮಾತ್ರ ಬರಬೇಡಿ. ಅದರ ಜೊತೆ ಒಳ್ಳೆ ಬ್ಯಾಕ್ಟೀರಿಯಾನೂ ಮಗುವಿನ ಕರುಳಿಗೆ ಹೋಗ್ತವೆ, ಅವಕ್ಕೆ ಊಟನೂ ಹೋಗುತ್ತೆ. ನಮ್ಮ ಮೈಯಲ್ಲಿ ಹೊಡೆದಾಡೋ ಕಣಗಳಿರ್ತವೆ. 'ಸುಮ್ಕಿರ್ರಪ್ಪ, ಇವರು ನಮ್ಮೋರು' ಅಂತ ಅವನ್ನ ತಡೆಯೋ ಕಣಗಳೂ ಇರ್ತವೆ. ಆ ತಡೆಯೋ ಬುದ್ಧಿ ಬರೋದಕ್ಕೆ ಈ ಬ್ಯಾಕ್ಟೀರಿಯಾಗಳ ಸಹಾಯ ಬೇಕು. ಎಳೇ ಮಗುವಾಗಿದ್ದಾಗಲೇ ಆ ಪಾಠ ಶುರುವಾಗುತ್ತೆ."

ದೊಡ್ಡಪ್ಪ ಅಡ್ಡ ನಿಂತಲ್ಲಿಂದ ಒಂದು ಹೆಜ್ಜೆ ಹಿಂದೆ ಸರಿದರು. "ಅಂದ್ರೆ ಅವು ಮೇಷ್ಟ್ರುಗಳು?"

"ಹಾಗೇ ಅಂದ್ಕೊಳ್ಳಿ."

"ಅಯ್ಯಯ್ಯೋ! ಇಷ್ಟು ವರ್ಷ ಇಸ್ಕೂಲಿಗೆ ನುಗ್ಗಿ ಮೇಷ್ಟ್ರುಗಳ್ನೇ ಬಡ್ದಾಕ್ಬುಟ್ನಲ್ಲ ಡಾಕ್ಟ್ರಮ್ಮ!"

ವಾರ್ಡಿಗೆ ವಾರ್ಡೇ ನಕ್ಕಿತು. ಹೊಲಿಗೆ ನೋಯುತ್ತದೆಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಾಲ್ಕನೇ ದಿನ ನಗು ನಿಂತಿತು. ನನಗೆ ಜ್ವರ ಏರಿ ಎದ್ದು ಕೂರಲೂ ಆಗಲಿಲ್ಲ. ಮಗುವನ್ನು ಯಾರಾದರೂ ಬರಿ ಎದೆಗೆ ಒರಗಿಸಿಕೊಂಡು ಬೆಚ್ಚಗಿಡಬೇಕು ಅಂದರು ಡಾಕ್ಟರಮ್ಮ. ನನ್ನ ಗಂಡನಿಗೂ ಅತ್ತೆಗೂ ಒಟ್ಟಿಗೇ ನೆಗಡಿ, ಒಳಗೆ ಬಿಡುವಂತಿಲ್ಲ. ಉಳಿದವರು ಒಬ್ಬರೇ. ಯಾರನ್ನೂ ಮುಟ್ಟದ ನಮ್ಮ ದೊಡ್ಡಪ್ಪ!

ಶಿಶುಗಳ ವಾರ್ಡಿನಲ್ಲಿ ನಡೆದದ್ದನ್ನು ಸಿಸ್ಟರ್ ಆಮೇಲೆ ನನಗೆ ಹೇಳಿದರು. ದೊಡ್ಡಪ್ಪ ಕೈ ತೊಳೆದುಕೊಂಡು ಬಂದು ಅಂಗಿ ಬಿಚ್ಚಿ ಕುರ್ಚಿಯಲ್ಲಿ ಕೂತರು. ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಸಿಸ್ಟರ್ ಕೇಳಿದರು, "ಮುಂಚೆ ಎಳೇ ಮಗು ಎತ್ತಿಕೊಂಡು ಅಭ್ಯಾಸ ಇದೆಯಾ ಯಜಮಾನ್ರೇ?"

"ಒಂದ್ನ ಎತ್ಕಂಡಿದ್ದೆ ಕಣವ್ವ" ಅಂದರು. "ನಂದೇ ಕೂಸು. ಒಂಬತ್ತೇ ದಿನ ಬದುಕಿದ್ದು. ಭೇದಿ ಹತ್ಕಂತು. ನನ್ನ ಕೈಯಿಂದ್ಲೇ ಅಂಟ್ತೋ ಏನೋ ಅಂತ..."

ನಮ್ಮ ಮನೆಯಲ್ಲಿ ಈ ಮಾತನ್ನು ಯಾರೂ ಎಂದೂ ಆಡಿರಲಿಲ್ಲ. ನಾನೋ, ಮೂವತ್ತು ವರ್ಷ ಅವರ ಸೋಪಿನ ಡಬ್ಬಿ ನೋಡಿ ನಕ್ಕವಳು.

ಸಿಸ್ಟರ್ ಮಗುವನ್ನು ಅವರ ಎದೆ ಮೇಲೆ ಮಲಗಿಸಿ ಹೊದಿಕೆ ಹೊದಿಸಿದರು.

ಅಂದಿನಿಂದ ದಿನಾ ಬೆಳಿಗ್ಗೆ ಮಳವಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಬಂದು, ಎದೆ ಮೇಲೆ ಕೂಸು ಮಲಗಿಸಿಕೊಂಡು ಅಲ್ಲಾಡದೆ ಕೂರುತ್ತಿದ್ದರು. ನನಗೆ ಜ್ವರ ಇಳಿದು ಮೊದಲ ಸಲ ಗೋಡೆ ಹಿಡಿದುಕೊಂಡು ಆ ವಾರ್ಡಿಗೆ ಹೋದಾಗ ದೊಡ್ಡಪ್ಪ ತಲೆಯೆತ್ತಿ ನೋಡಿದರು. ಕಣ್ಣು ತುಂಬಿತ್ತು.

"ಇವ್ಳಿಗೆ ಇವತ್ತಿಗೆ ಹತ್ತು ದಿನ ಕಣವ್ವ" ಅಂದರು ಪಿಸುದನಿಯಲ್ಲಿ. "ಮೆತ್ತಗೆ ಬಾ. ನಿದ್ದೆ ಮಾಡ್ತಾವ್ಳೆ."