ಬಾಣಂತಿಯ ಅಂಟಿನುಂಡೆ

ಇನ್ನು ಮುಂದೆ ಹಸಿವಾದರೆ ಮಾತ್ರ ತಿನ್ನುವುದು ಎಂದು ಕೃಷ್ಣಮೂರ್ತಿಗಳು ದೆಹಲಿಯ ರೋಹಿಣಿ ಬಡಾವಣೆಯಲ್ಲಿದ್ದ ತಮ್ಮ ಫ್ಲ್ಯಾಟಿನ ಸೋಫಾದಿಂದ ಘೋಷಿಸಿದಾಗ, ಅದಕ್ಕೆ ಭಾರತ ಸರ್ಕಾರದ ಅಧಿಸೂಚನೆಯ ಗತ್ತಿತ್ತು. ಇರಲೇಬೇಕಲ್ಲ, ಅವರು ಸೆಕ್ಷನ್ ಆಫೀಸರು! ಅವರ ಶುಗರ್ ರಿಪೋರ್ಟು ನೋಡಿದ ಡಾಕ್ಟರು, ನೀವು ತಿನ್ನುತ್ತಿರುವುದು ಹೊಟ್ಟೆಗಲ್ಲ ಮನಸ್ಸಿಗೆ, ಡಬ್ಬಿಗೆ ಕೈ ಹಾಕುವ ಮುಂಚೆ ಇದು ಹಸಿವೋ ಬೇಜಾರೋ ಅಂತ ಕೇಳಿಕೊಳ್ಳಿ ಎಂದಿದ್ದರು.

"ಕೇಳಿಕೊಳ್ಳೋದೇನೋ ಸರಿ, ಉತ್ತರ ಬರೋವರೆಗೆ ಕಾಯ್ತೀರಾ?" ಎಂದರು ಹೆಂಡತಿ ಅಹಲ್ಯಾ. ಕೃಷ್ಣಮೂರ್ತಿಗಳಿಗೆ ಅವಮಾನವಾಯಿತು.

ಅದೇ ವಾರ ಪರಿಚಯದ ಈಶ್ವರಪ್ಪನವರು ಊರಿಂದ ಬಂದರು. ದೆಹಲಿ ಕನ್ನಡಿಗರಲ್ಲಿ ಒಬ್ಬರು ರೈಲು ಹತ್ತಿದರೆ ನಾಲ್ಕು ಮನೆಯ ಗಂಟು ಹೊತ್ತು ತರುವುದು ವಾಡಿಕೆ. ಈ ಸಲ ಬಂದದ್ದು ಒಂದು ಸ್ಟೀಲ್ ಡಬ್ಬಿ ಅಂಟಿನುಂಡೆ. ಪಕ್ಕದ ಬ್ಲಾಕಿನ ಹರಿಣಿಗೆ ಚೊಚ್ಚಲ ಹೆರಿಗೆಯಾಗಿತ್ತು. ದಾವಣಗೆರೆಯಲ್ಲಿದ್ದ ತಾಯಿಗೆ ಮಂಡಿ ಆಪರೇಷನ್, ಬರಲಾಗದೆ ಉಂಡೆ ಕಟ್ಟಿ ಕಳಿಸಿದ್ದರು. ಹರಿಣಿ ಆಸ್ಪತ್ರೆಯಿಂದ ಬಂದ ಮೇಲೆ ಶನಿವಾರ ಕೊಟ್ಟು ಬರೋಣ ಎಂದು ಅಹಲ್ಯಾ ಡಬ್ಬಿಯನ್ನು ಅಟ್ಟಕ್ಕೇರಿಸಿದರು. ಏಣಿ ಹಿಡಿದುಕೊಂಡವರು ಕೃಷ್ಣಮೂರ್ತಿಗಳೇ.

ಸೋಮವಾರ ಆಫೀಸಿನಲ್ಲಿ ಡೆಪ್ಯುಟಿ ಸೆಕ್ರೆಟರಿ ಎಲ್ಲರೆದುರು ಬೈದರು. ಮನೆಗೆ ಬಂದವರೇ ಅಟ್ಟದ ಕೆಳಗೆ ನಿಂತು, ಡಾಕ್ಟರು ಹೇಳಿದಂತೆ ಪ್ರಾಮಾಣಿಕವಾಗಿ ಕೇಳಿಕೊಂಡರು: ಹಸಿವೋ, ಬೇಜಾರೋ? ಬೇಜಾರು ಎಂದು ಉತ್ತರ ಬಂತು. ಇಷ್ಟು ಸ್ಪಷ್ಟವಾಗಿ ಉತ್ತರ ಸಿಕ್ಕಿದ್ದಕ್ಕೆ ಖುಷಿಯಾಗಿ ಒಂದು ಉಂಡೆ ತಿಂದರು. ಬಾಣಂತಿಯದ್ದನ್ನು ತಿಂದೆನಲ್ಲ ಎಂದು ಸಂಕಟವಾಯಿತು. ಆ ಸಂಕಟಕ್ಕೆ ಇನ್ನೊಂದು ಬೇಕಾಯಿತು. ಮರುದಿನ ನಿನ್ನೆಯ ನಾಚಿಕೆಗೆ, ಅದರ ಮರುದಿನ ಸಿಕ್ಕಿಬೀಳುವ ಭಯಕ್ಕೆ. ಒಣಕೊಬ್ಬರಿ, ಉತ್ತುತ್ತೆ, ತುಪ್ಪದಲ್ಲಿ ಅರಳಿದ ಅಂಟು, ಪಾಪಪ್ರಜ್ಞೆಗೆ ಇಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ ಬಿಡಿ.

ಶನಿವಾರ ಡಬ್ಬಿ ಇಳಿಸಿದ ಅಹಲ್ಯಾಗೆ ಅದರ ಹಗುರಕ್ಕೇ ಎಲ್ಲ ತಿಳಿಯಿತು. ಮುಚ್ಚಳ ತೆಗೆದರೆ ಒಳಗೆ ಒಂದೇ ಒಂದು ಉಂಡೆ ಉರುಳಾಡುತ್ತಿತ್ತು. ಮಾರ್ಕೆಟ್ಟಿನ ಹಲ್ವಾಯಿ ಹತ್ತಿರ ಗೋಂದ್ ಲಡ್ಡು ಸಿಗುತ್ತೆ, ಅದೂ ಅಂಟಿನುಂಡೆಯೇ, ಅದನ್ನೇ ತುಂಬಿಸೋಣವೇ ಎಂದು ಗಂಡ ಗೊಣಗಿದ್ದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ತಾಯಿಯ ಕೈರುಚಿ ಮಗಳಿಗೆ ಗೊತ್ತಾಗದೆ ಇರುತ್ತಾ? "ತಿಂದವರು ನೀವು, ಹೇಳೋರೂ ನೀವೇ. ನಡೀರಿ." ಮಗ ಸಾತ್ವಿಕ್ ಮಾತ್ರ ಮೊಬೈಲಿನಿಂದ ತಲೆಯೆತ್ತಿ, ಒಂದಾದರೂ ಉಳಿದಿದೆಯಲ್ಲ ಎಂದು ತನ್ನ ಹಿಂದಿಯಲ್ಲಿ ಸಮಾಧಾನ ಹೇಳಿದ: "ಚಲೋ ಪಪ್ಪಾ, ಏಕ್ ತೋ ಬಚಾ ಹೈ ನಾ."

ಹರಿಣಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಡಬ್ಬಿ ಕಂಡದ್ದೇ ಮುಖ ಅರಳಿಸಿದಳು. ಕೃಷ್ಣಮೂರ್ತಿಗಳು ಮುಚ್ಚಳ ತೆಗೆದು ಡಬ್ಬಿಯನ್ನು ತಮ್ಮ ಮುಂದಿದ್ದ ಟೀಪಾಯಿಯ ಮೇಲಿಟ್ಟು, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಮ್ಮನಿಗಂತೂ ಬರೋಕಾಗಲಿಲ್ಲ ಅಂಕಲ್. ಅವಳ ಕೈಯದ್ದಾದ್ರೂ ಬರುತ್ತೆ ಅಂತ ಕಾಯ್ತಿದ್ದೆ," ಎಂದಳು. ಕಣ್ಣಲ್ಲಿ ನೀರು ತುಂಬಿತು. ಅದನ್ನು ನೋಡಿ ಅಹಲ್ಯಾ ಅತ್ತರು. ಅಮ್ಮನನ್ನು ನೋಡಿ ಮಗು ಅತ್ತಿತು. ಜೀವಮಾನದಲ್ಲಿ ಇಷ್ಟು ದುಃಖ ಕೃಷ್ಣಮೂರ್ತಿಗಳಿಗೆ ಎಂದೂ ಆಗಿರಲಿಲ್ಲ.

ಅಹಲ್ಯಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಇರೋ ಒಂದನ್ನಾದರೂ ಈಗಲೇ ಬಾಯಿಗೆ ಹಾಕ್ಕೋ ಮಗಳೇ ಎನ್ನುತ್ತಾ ಡಬ್ಬಿಗೆ ಕೈ ಹಾಕಿದರು. ಒಳಗೆಲ್ಲ ತಡಕಾಡಿದರು. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದರು.

"ರೀ, ಉಂಡೆ ಎಲ್ಲಿ?"

ಕೃಷ್ಣಮೂರ್ತಿಗಳು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಬಾಯಿ ತುಂಬಿತ್ತು.