ಓದದೆ ಒತ್ತಿದ ಒಪ್ಪಿಗೆ

"ಇನ್ನು ನಮ್ಮ ಪ್ರಾಜೆಕ್ಟ್ ಒಂದು ದಿನಾನೂ ತಡ ಆಗಲ್ಲ!" ಎನ್ನುತ್ತಾ ಪ್ರಾಣೇಶ ಭಾವ ಇಡ್ಲಿ ಕುಕ್ಕರ್ ಗಾತ್ರದ ಯಂತ್ರವನ್ನು ಮೇಜಿನ ಮೇಲಿಟ್ಟರು.

ಭಾವ ನನ್ನ ಅಕ್ಕನ ಗಂಡ. ಮೈಸೂರಿನ ನಮ್ಮ ಕಂಪನಿಯಲ್ಲಿ ನನ್ನ ಮ್ಯಾನೇಜರ್ ಕೂಡ. ಆಂಬುಲೆನ್ಸ್‌ಗಳಿಗೆ ದಾರಿ ತೋರುವ ಸಾಫ್ಟ್‌ವೇರನ್ನು ನಾವು ನಲವತ್ತು ಜನ ಬರೆಯುತ್ತಿದ್ದೆವು. ಯಾರು ಏನು ಬದಲಾಯಿಸಿದರೂ ಇನ್ನಿಬ್ಬರು ಓದಿ ಒಪ್ಪಬೇಕೆಂಬುದು ನಿಯಮ. ಓದದೆ 'ಒಪ್ಪಿಗೆ' ಒತ್ತುವುದು ರೂಢಿ.

"ಕೋಡಿನಿಂದ ಲಿಫ್ಟಿನವರೆಗೆ ಆಫೀಸಿನ ಎಲ್ಲದಕ್ಕೂ ಸುಧಾರಣೆಗಳನ್ನ ಇದೇ ಸೂಚಿಸುತ್ತೆ. ಇಬ್ಬರು ಒಪ್ಪಿದ ತಕ್ಷಣ ಇದೇ ಜಾರಿ ಮಾಡುತ್ತೆ!"

"ಭಾವ, ಶುಕ್ರವಾರ ನನ್ನ ನಿಶ್ಚಿತಾರ್ಥ. ರಜಕ್ಕೆ ತೊಂದ್ರೆ ಇಲ್ಲ ತಾನೆ?"

"ನಿನ್ನ ರಜಾನ ಯಾರೂ ಮುಟ್ಟಲ್ಲ, ವಸೂ!"

ಹನ್ನೊಂದಕ್ಕೆ ಎಸಿ ಹದಿನಾಲ್ಕು ಡಿಗ್ರಿಗೆ ಇಳಿಯಿತು. ಕಂಪ್ಯೂಟರ್‌ಗಳ ಆರೋಗ್ಯಕ್ಕಂತೆ! ಒಪ್ಪಿದವರು: ಹಿರಿಯ ಪ್ರೋಗ್ರಾಮರ್ ಜವರಪ್ಪ ಮತ್ತು ನಾನು. ಹನ್ನೆರಡಕ್ಕೆ ಲಿಫ್ಟ್ ಯಾವ ಮಹಡಿಯಲ್ಲೂ ನಿಲ್ಲದಾಯಿತು. ನಿಂತರೆ ಸಮಯ ವ್ಯರ್ಥವಂತೆ. ಅದಕ್ಕೆ ಒಪ್ಪಿಗೆ ಒತ್ತಿದ್ದ ಭಾವ ಅದರೊಳಗೇ ಇದ್ದರು! ನಮ್ಮ ಮಹಡಿ ದಾಟುವಾಗಲೆಲ್ಲ ಅವರ ಕೂಗು ಕೇಳುತ್ತಿತ್ತು. ಕರೆಂಟ್ ಹೋಗಿ ಲಿಫ್ಟ್ ನಮ್ಮ ಮಹಡಿಯಲ್ಲೇ ನಿಂತದ್ದರಿಂದ ಪಾರಾದರು. ಯಂತ್ರ ಮಾತ್ರ ಕರೆಂಟ್ ಮರಳುವವರೆಗೆ ಬ್ಯಾಟರಿಯಲ್ಲಿ ದುಡಿಯುತ್ತಲೇ ಇತ್ತು.

ಎರಡಕ್ಕೆ ನನ್ನ ಮೊಬೈಲಿಗೆ ಸಂದೇಶ: "ವಸುಂಧರಾ ರಜೆ ರದ್ದು. ನಿಶ್ಚಿತಾರ್ಥ ಮುಂದಿನ ಆವೃತ್ತಿಗೆ ಮುಂದೂಡಿಕೆ. ವರನಿಗೆ ತಿಳಿಸಲಾಗಿದೆ." ಒಪ್ಪಿದವರು: ಜವರಪ್ಪ ಮತ್ತು, ಅಯ್ಯೋ, ನಾನೇ!

"ನಿನ್ನ ನಿಶ್ಚಿತಾರ್ಥಾನ ನೀನೇ ಮುಂದಕ್ಕೆ ಹಾಕಿದ್ಯಾ?"

"ನಿಮ್ಮ ಯಂತ್ರ ಗಂಟೆಗೆ ಮುನ್ನೂರು ಸೂಚನೆ ಕಳಿಸಿದ್ರೆ ಯಾರು ಓದ್ತಾರೆ ಭಾವ!"

ಆ ಚಳಿಯಲ್ಲೂ ಬೆವರುತ್ತಾ ಭಾವ "ಇಂದಿನ ಒಪ್ಪಿಗೆಗಳೆಲ್ಲ ರದ್ದು" ಎಂದು ಕೋರಿಕೆ ಬರೆದರು. ಹೆದರಿದ್ದ ಜವರಪ್ಪ ಜೀವಮಾನದಲ್ಲಿ ಮೊದಲ ಬಾರಿ ಪೂರ್ತಿ ಓದಿದರು.

"ಸಾರ್, ಕಾರಣ ಬರೆದಿಲ್ಲ. ವಾಪಸ್."

"ಹುಡುಗಿ ಅಳ್ತಾ ಇದಾಳೆ ಜವರಪ್ಪನೋರೆ!"

"ಹಾಗಂತಲೇ ಬರೀರಿ."

ಹತ್ತನೇ ತಿದ್ದುಪಡಿಗೆ ಇಬ್ಬರ ಒಪ್ಪಿಗೆ ಬಿತ್ತು. ಕೋಣೆ ಬೆಚ್ಚಗಾಯಿತು, ನನ್ನ ರಜೆ ಮರಳಿತು. ಆದರೆ ಯಂತ್ರವನ್ನು ಕೂರಿಸಲು ಒಪ್ಪಿಗೆ ಸಿಕ್ಕಿದ್ದೂ ಅಂದೇ, ಅದೂ ರದ್ದಾಯಿತು! ಅದು ತನ್ನ ಸ್ಕ್ರೂಗಳನ್ನು ತಾನೇ ಬಿಚ್ಚಿ, ಗಾತ್ರದ ಪ್ರಕಾರ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ತಗಡಾಗಿ ಒರಗಿತು. ಆರು ತಿಂಗಳು ಅದಕ್ಕಾಗಿ ದುಡಿದಿದ್ದ ಭಾವನ ಮುಖ ನೋಡಲಾಗಲಿಲ್ಲ. "ಅಕ್ಕನಿಗೆ ಹೇಳ್ಬೇಡ" ಎಂದರು. ಹೇಳಲಿಲ್ಲ.

ವರನಿಗೆ ಹೋಗಿದ್ದ ಸಂದೇಶ ಮಾತ್ರ ಹಿಂದೆ ಬರುವಂತಿರಲಿಲ್ಲ. ನಾನೇ ಫೋನ್ ಮಾಡಿದೆ.

"ಮೆಸೇಜಾ? ಬಂದಿತ್ತು, ಓಕೆ ಒತ್ತಿದೆ. ಏನಿತ್ತು ಅದ್ರಲ್ಲಿ?"

ಶುಕ್ರವಾರ ಪುರೋಹಿತರು ಲಗ್ನಪತ್ರಿಕೆಯನ್ನು ಗಟ್ಟಿಯಾಗಿ ಓದಿದರು. ಅದನ್ನು ಮಾತ್ರ ನಾವಿಬ್ಬರೂ ಪೂರ್ತಿ ಕೇಳಿಸಿಕೊಂಡ ಮೇಲೆ ಒಪ್ಪಿದೆವು.