ಎಂಟು ಊರಿನ ಅಡಚಣೆಗಳು

ಸೂರ್ಯ ಚಂದ್ರರಿಗೆ ಡ್ಯೂಟಿ ಹಚ್ಚುವ ಕೆಲಸ ನಮ್ಮ ಕಾಕಾನ ಕೈಗೆ ಬಂದಿದ್ದರೆ ಸೂರ್ಯನಿಗೆ ವಾರಕ್ಕೊಂದು ರಜೆ ಖಂಡಿತ ಸಿಗುತ್ತಿತ್ತು! ಅವತ್ತು ಬದಲಿಗೆ ಯಾರು ಎಂದು ನೀವು ಕೇಳಬಹುದು. ಅದಕ್ಕೂ ಕಾಕಾ ಏರ್ಪಾಡು ಮಾಡಿರುತ್ತಿದ್ದರು. ಚಂದ್ರನಿಗೆ ಓವರ್‌ಟೈಮ್ ಕೊಟ್ಟು, ಅದನ್ನು ಅಮಾವಾಸ್ಯೆಯ ರಜೆಯಲ್ಲಿ ಮುರಿದುಕೊಂಡು, "ಬರೋಬರ ಆತು" ಎಂದು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅವರನ್ನು ದೂರಿ ಫಲವಿಲ್ಲ. ಎಸ್.ಟಿ. ಬಸ್ಸಿನ ಡಿಪೋದಲ್ಲಿ ಡ್ರೈವರ್ ಕಂಡಕ್ಟರುಗಳ ಡ್ಯೂಟಿ ಪಟ್ಟಿ ಮಾಡುತ್ತಲೇ ತಲೆ ಬೆಳ್ಳಗಾದ ಮನುಷ್ಯ. ನಿವೃತ್ತರಾಗಿ ನಾಗಣಸೂರಿನ ಮನೆಗೆ ಬಂದು ಕುಳಿತಾಗ ಅವರ ಕೈಕೆಳಗೆ ಉಳಿದವಳು ನಮ್ಮ ಕಾಕಿ ಒಬ್ಬಳೇ. ಒಬ್ಬಳಿಗೆ ಎಷ್ಟು ಡ್ಯೂಟಿ ಹಚ್ಚಲಾದೀತು? ಕೊನೆಗೆ ಒಂದು ಲ್ಯಾಪ್‌ಟಾಪ್ ತಂದು, ವಿಡಿಯೋ ಪಾಠ ನೋಡಿ, ಆಪ್ಟಿಮೈಸೇಶನ್ ಎಂಬ ಗಣಿತ ಕಲಿತರು. ನೂರಾರು ಅಡಚಣೆಗಳಿರುವಾಗ ಅವುಗಳ ನಡುವೆಯೇ ಎಲ್ಲಕ್ಕಿಂತ ಒಳ್ಳೆಯ ದಾರಿಯನ್ನು ಹುಡುಕಿ ಕೊಡುವ ಗಣಿತವಂತೆ ಅದು. ಅಡಚಣೆಗಳಲ್ಲಿ ಎರಡು ಬಗೆ. ಮುರಿಯಲೇಬಾರದ್ದು ಗಟ್ಟಿ ಅಡಚಣೆ; ದಂಡ ತೆತ್ತು ಮುರಿಯಬಹುದಾದದ್ದು ಮೆತ್ತನೆ ಅಡಚಣೆ. ವಾರ ಕಳೆಯುವುದರೊಳಗೆ ಈ ಶಾಸ್ತ್ರ ಅಡುಗೆಮನೆಗೂ ನುಗ್ಗಿತು.

"ಪಲ್ಯಾದಾಗ ಉಪ್ಪು ಗಟ್ಟಿ ಅಡಚಣಿ, ಖಾರ ಮೆತ್ತಂದು," ಎಂದರು ಕಾಕಾ, ಉಣ್ಣುತ್ತ.

"ಮತ್ತ ಬಾಯಿ ಮುಚ್ಚಿಕೊಂಡು ಉಣ್ಣೂದು?" ಎಂದಳು ಕಾಕಿ.

ಕಾಕಾ ಎಡಗೈಯಿಂದ ಜೇಬಿನ ಪೆನ್ನು ತೆಗೆದರು.

"ಅದು ಗಟ್ಟೀದು ಅಂತ ಬರಕೋರಿ!" ಎಂದು ಕಾಕಿಯೇ ಹೇಳಿಕೊಟ್ಟಳು.

ಇಂಥವರ ಕೈಗೆ ಕಬಡ್ಡಿ ಸಿಕ್ಕಿತು. ನಮ್ಮ ಕಡೆ ಎಂಟು ಊರುಗಳ ಕಬಡ್ಡಿ ಲೀಗ್ ನಡೆಯುತ್ತದೆ. ಪ್ರತಿ ತಂಡವೂ ಉಳಿದೆಲ್ಲ ತಂಡಗಳ ಜೊತೆ ತನ್ನೂರಿನಲ್ಲೊಮ್ಮೆ, ಅವರೂರಿನಲ್ಲೊಮ್ಮೆ ಆಡಬೇಕು. ಯಾವತ್ತು, ಎಲ್ಲಿ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡುವುದು ಪದ್ಧತಿ. ಹೋದ ವರ್ಷ ಚೀಟಿಯ ಕೃಪೆಯಿಂದ ಕಂದಲಗಾಂವದ ಹುಡುಗರಿಗೆ ಸಾಲಾಗಿ ಪರವೂರಿನ ಪಂದ್ಯಗಳೇ ಬಂದು, ಪಾಪ, ಟೆಂಪೋದಲ್ಲೇ ಗಡ್ಡ ಬೆಳೆಸಿದರು. ಜಗಳ ಹತ್ತಿತು, ಲೀಗ್ ಅರ್ಧಕ್ಕೇ ನಿಂತಿತು. ಈ ವರ್ಷದ ಸಭೆಯಲ್ಲಿ ಕಾಕಾ ಎದ್ದು ನಿಂತರು.

"ಚೀಟಿ ಬ್ಯಾಡ. ವೇಳಾಪತ್ರಕ ನಾ ಮಾಡ್ತೀನಿ. ಒಂದು ಮ್ಯಾಚೂ ತಾರೀಖು ಬಿಟ್ಟು ಅಲಗಾಡೂದಿಲ್ಲ, ನೋಡ್ರಿ."

"ಅಲಗಾಡಿದ್ರ?" ಎಂದರು ಭಂಡಾರಕವಠೆ ತಂಡದ ಯಜಮಾನಿಕೆ ನೋಡುವ ಪಾಟೀಲರು.

"ಅಲಗಾಡಿದ್ರ ಮತ್ತ ಈ ಜನ್ಮದಾಗ ವೇಳಾಪತ್ರಕ ಮುಟ್ಟೂದಿಲ್ಲ. ನೀವು, ನಿಮ್ಮ ಚೀಟಿ!"

"ಠರಲಂ! ಮಾತು ಪಕ್ಕಾ!" ಎಂದು ಪಾಟೀಲರು ಅಲ್ಲೇ ಪಂಥ ಕಟ್ಟಿಬಿಟ್ಟರು.

ಡಿಪೋ ಬಿಟ್ಟ ಮೇಲೆ ಕಾಕಾ ಬೆಳಗಾದರೆ ಎದ್ದು ಅಂಗಿ ಇಸ್ತ್ರಿ ಮಾಡಿಕೊಳ್ಳುತ್ತಿದ್ದದ್ದೇ ಈ ಲೆಕ್ಕದ ಹುರುಪಿನಲ್ಲಿ. ಅದೂ ಹೋದರೆ ಆ ಜೀವ ಕಟ್ಟೆಯ ಮೇಲೆ ಕುಳಿತು ಸುಮ್ಮನೆ ಮುದಿಯಾಗುವುದಷ್ಟೇ ಬಾಕಿ.

ಮೊದಲ ವೇಳಾಪಟ್ಟಿ ಚಹಾ ಆರುವುದರೊಳಗೆ ಸಿದ್ಧವಾಯಿತು. ಎಲ್ಲರ ಓಡಾಟ ಸೇರಿ ಅತಿ ಕಡಿಮೆ, ಯಾರಿಗೂ ಬೆನ್ನುಬೆನ್ನಿಗೆ ಮೂರು ಪರವೂರಿನ ಪಂದ್ಯ ಇಲ್ಲ. ಗಣಿತದ ಪ್ರಕಾರ ಅದಕ್ಕಿಂತ ಒಳ್ಳೆಯದು ಭೂಮಿಯ ಮೇಲೆ ಇರಲು ಸಾಧ್ಯವೇ ಇಲ್ಲ! ಕಾಕಾ ಅದನ್ನು ಹಿಡಿದು ಊರೂರಿಗೆ ಹೋಗಿ, "ನಿಮಗೇನಾರ ಅಡಚಣಿ ಅದ?" ಎಂದು ಕೇಳಿದರು. ಕೇಳಬಾರದಿತ್ತು.

"ಗುರುವಾರ ಬ್ಯಾಡ್ರಿ. ಅಕ್ಕಲಕೋಟ ರಸ್ತಾದಾಗ ಭಕ್ತರ ಗಾಡಿ ಗರ್ದಿ. ನಮ್ಮ ಟೆಂಪೋ ಅದರಾಗ ಹೊಕ್ಕರ ದರ್ಶನಾನ ಮುಗಿಸಿಕೊಂಡು ಹೊರಗ ಬರ್ತದ."

"ಹೊಲದ ಪಂಪಿಗೆ ರಾತ್ರಿ ಪಾಳಿ ಕರೆಂಟು ಇದ್ದ ವಾರ ಬ್ಯಾಡ್ರಿ. ಹುಡುಗರು ಬೆಳತನಕ ಕಬ್ಬಿಗೆ ನೀರು ಹಾಯಸ್ತಾರ, ನಿದ್ದಿ ಇರೂದಿಲ್ಲ."

"ಪಾಟೀಲರ ಮನ್ಯಾಗ ಬಸುರಿ ಸೊಸಿ ಕುಬಸ ಅದ್ರಿ."

"ಸೋಮವಾರ ನಮ್ಮ ತಂಡಕ್ಕ ಉಪವಾಸ."

ಎಲ್ಲವನ್ನೂ ತುಂಬಿದರೆ ಕಂಪ್ಯೂಟರು ಇಡೀ ಮಧ್ಯಾಹ್ನ ಗುರುಗುಟ್ಟಿ, ಉತ್ತರವೇ ಇಲ್ಲ ಎಂದು ಕೈ ಎತ್ತಿತು. ಕಾಕಾನ ಮುಖ ಸಣ್ಣದಾಯಿತು. ಕಾಕಿ ಎದುರಿಗೆ ಕುಳಿತು ಜೋಳ ಹಸನು ಮಾಡುತ್ತಿದ್ದಳು.

"ಏನಂತದ್ರಿ ನಿಮ್ಮ ಡಬ್ಬಿ?"

"ಉತ್ತರ ಇಲ್ಲಂತ."

"ಹೇಳಿದ್ದೆಲ್ಲಾ ಖರೇ ಅಂತ ತುಂಬಿದ್ರ ಅದಾರ ಏನ್ ಮಾಡ್ತದ? ಓದ್ರಿ, ನೋಡೂಣು."

ಕಾಕಾ ಓದಿದರು. ಕಾಕಿ ಮೊರದಿಂದ ತಲೆ ಎತ್ತಲಿಲ್ಲ. "ಪಾಟೀಲರ ಮನಿ ಕುಬಸ ಮುಂದಿನ ತಿಂಗಳಿಗೆ ಹೋಗ್ಯದ, ತಗೀರಿ. ಸೋಮವಾರ ಉಪವಾಸ ಇಡೀ ತಂಡದ್ದಲ್ಲ, ಕ್ಯಾಪ್ಟನ್ ಒಬ್ಬಂದು. ಅವನೂ ತಾಟ್ ತುಂಬ ಸಾಬೂದಾಣಿ ಖಿಚಡಿ ಹೊಡೀತಾನ, ತಗೀರಿ." ಹರಳು ಆರಿಸಿದ ಹಾಗೆ ಒಂದೊಂದನ್ನೇ ಆರಿಸಿ ಎಸೆದಳು. ಕಂಪ್ಯೂಟರು ತೆಪ್ಪಗೆ ಉತ್ತರ ಕೊಟ್ಟಿತು. ಹೆಸರು ಮಾತ್ರ ಕಾಕಾನದು, ಆ ಮಾತು ಬೇರೆ!

ಕಾಕಿ ಹೇಳಿದರೂ ಕೇಳದೆ ಕಾಕಾ ಒಂದನ್ನು ಮಾತ್ರ ಮೆತ್ತನೆಯದು ಎಂದು ಬರೆದುಕೊಂಡಿದ್ದರು: ನಿದ್ದೆ. ಅದರ ಫಲ ಕಂದಲಗಾಂವದಲ್ಲಿ ಕಂಡಿತು. ರಾತ್ರಿಯೆಲ್ಲ ಕಬ್ಬಿಗೆ ನೀರು ಬಿಟ್ಟಿದ್ದ ಹುಡುಗ "ಕಬಡ್ಡಿ ಕಬಡ್ಡಿ" ಎನ್ನುತ್ತ ಎದುರಾಳಿಗಳ ಅಂಕಣಕ್ಕೆ ನುಗ್ಗಿದ. ನಡುವೆ ಒಂದು ದೊಡ್ಡ ಆಕಳಿಕೆ ಬಂತು. ಆಕಳಿಸುತ್ತ ಕಬಡ್ಡಿ ಎನ್ನಲು ಬರುತ್ತದೆಯೇ? ಯಾರೂ ಮುಟ್ಟದೆ, ಯಾರೂ ಹಿಡಿಯದೆ ಔಟಾದ!

ಇನ್ನು ಭಂಡಾರಕವಠೆಯ ಕಥೆ. ನಮ್ಮ ನಾಗಣಸೂರಿನ ತಂಡದ ಅರ್ಧ ಹುಡುಗರಿಗೆ ಅದು ಹೆಂಡತಿಯ ತವರು. ಟೆಂಪೋ ನಿಂತದ್ದೇ ತಡ, ಮಾವಂದಿರು ಬಂದು ಒಬ್ಬೊಬ್ಬ ಅಳಿಯನನ್ನು ಒಂದೊಂದು ಮನೆಗೆ ಎಳೆದುಕೊಂಡು ಹೋದರು. ಶೇಂಗಾ ಹೋಳಿಗೆ, ಮೇಲೆ ತುಪ್ಪ. ಬೇಡ ಎಂದರೆ ಬೀಗರಿಗೆ ಸಿಟ್ಟು. ಮೈದಾನಕ್ಕೆ ಬಂದಾಗ ನಮ್ಮವರಿಗೆ ಬಗ್ಗಲು ಬರುತ್ತಿರಲಿಲ್ಲ. ಕುಳಿತವರು ಏಳುತ್ತಿರಲಿಲ್ಲ. ಸೋತೆವು.

"ಇದು ಬೀಗರ ಪಾಹುಣಚಾರ ಅಲ್ಲ, ಸೋಲಸೂ ಡಾವಪೇಚ!" ಎಂದು ಕಾಕಾ ಕೂಗಾಡಿದರು.

"ಅಳಿಯಂದಿರನ್ನ ಉಪಾಸ ಇಳಸೂದೇನ್ರಿ ಮೈದಾನಕ್ಕ?" ಎಂದರು ಪಾಟೀಲರು, ಏನೂ ಅರಿಯದವರ ಹಾಗೆ.

ಮನೆಗೆ ಬಂದು ಕಾಕಾ ಲ್ಯಾಪ್‌ಟಾಪ್ ತೆರೆದರು. "ಹೋಳಿಗೀಗೆ ದಂಡ ಎಷ್ಟು ಹಚ್ಚಲಿ?"

"ತುಪ್ಪ ಹಿಡದೋ, ಬಿಟ್ಟೋ?" ಎಂದಳು ಕಾಕಿ.

ಏನೇ ಆಗಲಿ, ಒಂದು ಪಂದ್ಯವೂ ತಾರೀಖು ಬಿಟ್ಟು ಅಲಗಾಡಲಿಲ್ಲ. ನಮ್ಮ ಕ್ಯಾಪ್ಟನ್ನನ ನಿಶ್ಚಿತಾರ್ಥಕ್ಕೂ ಪಂದ್ಯಕ್ಕೂ ಒಂದೇ ದಿನ ಬಂದಾಗ ಹೆಣ್ಣಿನವರು ಮುಹೂರ್ತ ಬದಲಿಸಿದರೇ ಹೊರತು ಕಾಕಾ ಜಗ್ಗಲಿಲ್ಲ. ಉಳಿದದ್ದು ಫೈನಲ್ ಒಂದೇ. ಭಾನುವಾರ, ಅಕ್ಕಲಕೋಟೆಯ ಮೈದಾನ, ಮೊದಲ ಎರಡು ಸ್ಥಾನ ಹಿಡಿದ ನಾಗಣಸೂರಿಗೂ ಭಂಡಾರಕವಠೆಗೂ. ನಮ್ಮೂರಿನವರಾದರೂ ಎರಡೂ ಊರಿನವರು ಒಪ್ಪುವ ಪಂಚರು ಕಾಕಾ ಒಬ್ಬರೇ ಆದ್ದರಿಂದ ಸೀಟಿ ಊದುವವರೂ ಅವರೇ.

ಆ ವಾರ ಕಾಕಿಯ ಫೋನ್ ಬಂತು. ನಾನು ನೌಕರಿಗಾಗಿ ಸೊಲ್ಲಾಪುರದಲ್ಲಿದ್ದು, ರಜೆ ಸಿಕ್ಕಾಗಲೆಲ್ಲ ಊರಿಗೆ ಬರುವವಳು.

"ಐತವಾರ ನಿನ್ನ ಮನಿಗೆ ಬರ್ತೀನಿ. ಬಲಗಣ್ಣಿನ ಪೊರಿ, ಮೋತಿಬಿಂದು ಅಂತಾರಲ್ಲ, ಹಣ್ಣಾಗ್ಯದಂತ, ಬರೇ ಬೆಳಕಷ್ಟ ಕಾಣ್ತದ. ಅವತ್ತ ದೊಡ್ಡ ಡಾಕ್ಟರ್ ಬರ್ತಾರ, ಆಪರೇಶನ್. ನಿಮ್ಮ ಕಾಕಾಗ ಹೇಳಬ್ಯಾಡ. ಹೇಳಿದ್ರ ಫೈನಲ್ ಅಲಗಾಡ್ತದ. ಅವರಿಗಿ ಅದೊಂದ ಉಳದದವ್ವಾ."

ಕಾಕಾಗೆ ಅವಳು ಹೇಳಿದ್ದು, ನಾಲ್ಕು ದಿನ ಮಗಳ ಮನೆಗೆ ಹೋಗಿಬರುತ್ತೇನೆ ಎಂದು. ಮಗಳು ಅಂದರೆ ನಾನೇ; ಅವರಿಗೆ ಸ್ವಂತ ಮಕ್ಕಳಿಲ್ಲ.

ಭಾನುವಾರ ಆಸ್ಪತ್ರೆಯಲ್ಲಿ ಹಸಿರು ಟೊಪ್ಪಿಗೆ ಹಾಕಿಕೊಂಡು ಬೆಂಚಿನ ಮೇಲೆ ಕುಳಿತ ಕಾಕಿ ಗಡಿಯಾರದ ಕಡೆ ಮುಖ ಮಾಡಿ, "ಈಗ ಟಾಸ್ ಆಗಿರಬೇಕಲ್ಲ?" ಎಂದಳು. ನನ್ನ ಕೈ ಹಿಡಿದಿದ್ದಳು. ಕೈ ತಣ್ಣಗೆ ಕೊರೆಯುತ್ತಿತ್ತು. ಎಂಟು ಊರನ್ನು ಬಾಯಲ್ಲೇ ಕುಣಿಸುವ ಹೆಂಗಸಿಗೆ ಹೆದರಿಕೆಯಾಗಿತ್ತು. ಅವಳನ್ನು ಒಳಗೆ ಕರೆದುಕೊಂಡು ಹೋದ ಕೂಡಲೇ ಹೊರಗೆ ಬಂದು ಕಾಕಾಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ.

ಕಾಕಾ ಬಂದು ಮುಟ್ಟುವಷ್ಟರಲ್ಲಿ ಆಪರೇಶನ್ ಮುಗಿದಿತ್ತು. ಕೊರಳಲ್ಲಿ ಸೀಟಿ ಇನ್ನೂ ನೇತಾಡುತ್ತಿತ್ತು. ಹಿಂದೆ ಪಾಟೀಲರು. ತಮ್ಮ ಮೋಟರ್‌ಸೈಕಲ್ ಮೇಲೆ ಅವರೇ ಕರೆತಂದಿದ್ದರು.

"ಟಾಸ್ ಆಗಿತ್ತವ್ವಾ," ಎಂದರು ಪಾಟೀಲರು ನನಗೆ, ಮೆಲ್ಲಗೆ. "ಫೋನ್ ಬಂತು. 'ಇವತ್ತ ಮ್ಯಾಚ್ ಇಲ್ಲ, ನಾ ಸೋತೀನಿ, ಮುಂದಿನ ವರ್ಷ ನೀವು ಚೀಟಿ ಎತ್ತಕೋರಿ' ಅಂದವರ ರಸ್ತಾಕ್ಕ ಓಡಿದ್ರು. ಚಪ್ಪಲ್ ಸೈತ ಹಾಕ್ಕೊಂಡಿಲ್ಲ, ನೋಡು."

ಕಾಕಿ ಬಲಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಇನ್ನೊಂದನ್ನೂ ಮುಚ್ಚಿಕೊಂಡು ಮಲಗಿದ್ದಳು. ಕಾಕಾ ಕೆಮ್ಮುತ್ತ ಹೋಗಿ ಮಂಚದ ಅಂಚಿಗೆ ಕುಳಿತರು. ಕೆಮ್ಮಿನಲ್ಲೇ ಗುರುತು ಹಿಡಿದಳು.

"ಅಯ್ಯ! ಫೈನಲ್?"

"ಫೈನಲ್ ಇರ್ಲಿ. ಎಂಟೂರಿನ ಅಡಚಣಿ ಹೇಳಿದಿ. ನಿಂದೊಂದು ಯಾಕ ಹೇಳ್ಲಿಲ್ಲ?"

"ಎಂಟೂರಿಗೂ ಹೋಗಿ ಹೋಗಿ ಕೇಳಿದ್ರಿ. ನನಗ ಯಾವಾಗ ಕೇಳಿದ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಕಾಕಾ ತಲೆ ತಗ್ಗಿಸಿದರು. ಪಾಟೀಲರು ಗೋಡೆಯ ಕಡೆ ತಿರುಗಿ ನಿಂತರು. ಕಾಕಾ ಸಣ್ಣ ದನಿಯಲ್ಲಿ ಕೇಳಿದರು.

"ಈಗ ಕೇಳ್ತೀನಿ. ಹೇಳು, ಏನದ ನಿನ್ನ ಅಡಚಣಿ?"

ಕಾಕಿ ಹಾಸಿಗೆಯ ಮೇಲೆ ಕೈಯಾಡಿಸಿ ನೋಡಿದಳು.

"ಸದ್ಯಾಕ ನನ್ನ ಸೆರಗಿನ ಮ್ಯಾಲ ಕುಂತೀರಿ. ಏಳ್ರಿ ಅತ್ಲಾಗ!"

ಕಾಕಾ ಎದ್ದರು. ಸೆರಗು ಬಿಡಿಸಿ ಅವಳ ಕೈಗೆ ಕೊಟ್ಟು, ಬರಿಗಾಲಲ್ಲಿ ಹಾಗೆಯೇ ನಿಂತರು.

"ಮತ್ತ?" ಎಂದರು.